ವೆಬ್‌ಸೈಟ್ ಹೊಸದಾಗಿ ಮಾಡಿಸಬೇಕೇ? ಪೇಜ್‌ಸ್ಪೀಡ್ ಇನ್‌ಸೈಟ್ಸ್, ಸರ್ಚ್ ಕನ್ಸೋಲ್: ಎರಡು ಪುಕ್ಕಟೆ ಸೇವೆಗಳ ವಿಮರ್ಶೆ

ಚಿಕ್ಕಮಗಳೂರಿನ ಹೋಂಸ್ಟೇ, ಕಾಫಿಪುಡಿ ಅಂಗಡಿ, ಜೀಪ್ ಬಾಡಿಗೆಯವರನ್ನು ಒಪ್ಪಿಸಲು ವೆಬ್‌ಸೈಟ್ ಏಜೆನ್ಸಿಗಳು ಬಳಸುವ ಮೊದಲ ಅಸ್ತ್ರ, ಪುಟ ಎಷ್ಟು ಬೇಗ ತೆರೆಯುತ್ತದೆ ಎಂದು ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಕೊಟ್ಟ ಕೆಂಪು ಅಂಕದ ಸ್ಕ್ರೀನ್‌ಶಾಟ್. ‘ನಿಮ್ದು ನೂರಕ್ಕೆ 34 ಬಂದಿದೆ ಸಾರ್, ಪೂರ್ತಿ ಹೊಸದೇ ಮಾಡಿಸ್ಬೇಕು’ ಅಂತ ವಾಟ್ಸಾಪ್ ಬರುತ್ತದೆ. ಅಂಕ ಸುಳ್ಳಲ್ಲ, ಅದರಿಂದ ಹೊರಡಿಸುವ ತೀರ್ಮಾನ ಮಾತ್ರ ಬಹಳ ಸಲ ತಪ್ಪು. ಹುಡುಕಾಟದಲ್ಲಿ ಸೈಟ್ ಹೇಗೆ ಕಾಣಿಸಿಕೊಳ್ಳುತ್ತಿದೆ ಎಂದು ತೋರಿಸುವ, ಅದೇ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಕಡೆಗೆ ಹೆಚ್ಚಿನ ಮಾಲೀಕರು ತಿರುಗಿಯೂ ನೋಡುವುದಿಲ್ಲ. ಹೊಸದು ಬೇಕೋ ರಿಪೇರಿ ಸಾಕೋ ಎಂದು ತಿಳಿಯಲು ಹೆಚ್ಚು ಕೆಲಸಕ್ಕೆ ಬರುವುದು ಅದೇ.

ಮೊದಲು ಪೇಜ್‌ಸ್ಪೀಡ್ ನೋಡೋಣ. ಲಾಗಿನ್ ಬೇಡ, ವಿಳಾಸ ಹಾಕಿದರೆ ಸ್ವಲ್ಪ ಹೊತ್ತಿನಲ್ಲಿ ವರದಿ ಬರುತ್ತದೆ. ಮೇಲಿನ ಭಾಗದಲ್ಲಿರುವುದು ಕಳೆದ 28 ದಿನಗಳಲ್ಲಿ ಕ್ರೋಮ್‌ನಲ್ಲಿ ಸೈಟ್ ತೆರೆದ ನಿಜವಾದ ಜನರ ಅನುಭವ. ಕೆಳಗಿನದು ಮಧ್ಯಮ ದರ್ಜೆಯ ಫೋನು, ನಿಧಾನದ 4ಜಿ ಎಂದು ಊಹಿಸಿಕೊಂಡು ಮಾಡುವ ಪರೀಕ್ಷೆ. ಆ 34 ಬರುವುದು ಈ ಕೆಳಗಿನದರಿಂದ. ಸಣ್ಣ ಹೋಂಸ್ಟೇ ಸೈಟ್‌ಗೆ ಮೇಲಿನ ಭಾಗ ಸಾಮಾನ್ಯವಾಗಿ ಖಾಲಿ ಇರುತ್ತದೆ, ಲೆಕ್ಕಕ್ಕೆ ಸಾಕಾಗುವಷ್ಟು ಜನ ಬಂದಿರುವುದಿಲ್ಲ. ಕೆಳಗಿನ ಅಂಕವೂ ಒಂದೇ ಸೈಟ್‌ಗೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ಮೂರ್ನಾಲ್ಕು ಸಲ ಓಡಿಸಿ ನಡುವಿನದನ್ನು ಹಿಡಿಯಿರಿ. ನೋಡಬೇಕಾದ್ದು ಮೊಬೈಲ್ ಟ್ಯಾಬ್. ಡೆಸ್ಕ್‌ಟಾಪ್‌ನಲ್ಲಿ ಹಸಿರು ಬಂದರೆ ಖುಷಿಪಡುವಂಥದ್ದೇನಿಲ್ಲ; ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿನ್ನುತ್ತಾ ರಾತ್ರಿಗೆ ರೂಮು ಹುಡುಕುವವರ ಕೈಯಲ್ಲಿರುವುದು ಫೋನು.

ಅಳತೆಗಳು ಮೂರು. ಪುಟದ ದೊಡ್ಡ ಚಿತ್ರ ಅಥವಾ ಬರಹ ಕಾಣಿಸಿಕೊಳ್ಳುವ ಹೊತ್ತು (ಎಲ್‌ಸಿಪಿ) 2.5 ಸೆಕೆಂಡಿನೊಳಗೆ ಇರಬೇಕು. ಒತ್ತಿದ್ದಕ್ಕೆ ಪುಟ ಸ್ಪಂದಿಸುವ ಹೊತ್ತು (ಐಎನ್‌ಪಿ) 200 ಮಿಲಿಸೆಕೆಂಡಿನೊಳಗೆ. ಓದುತ್ತಿರುವಾಗ ಪುಟ ಮೇಲೆ ಕೆಳಗೆ ಜಿಗಿಯುವ ಪ್ರಮಾಣ (ಸಿಎಲ್‌ಎಸ್) 0.1ರೊಳಗೆ. ಐಎನ್‌ಪಿ ಜಾಗದಲ್ಲಿ ಮೊದಲಿದ್ದ ಎಫ್‌ಐಡಿಯನ್ನು ಗೂಗಲ್ 2024ರ ಮಾರ್ಚ್‌ನಲ್ಲೇ ಕೈಬಿಟ್ಟಿದೆ. ಏಜೆನ್ಸಿಯ ವರದಿಯಲ್ಲಿ ಇನ್ನೂ ಅದೇ ಇದ್ದರೆ ಹಳೇ ಸರಕು ಅಂತ ಅರ್ಥ.

ಈ ಭಾಗದ ಸೈಟ್‌ಗಳಲ್ಲಿ ಕೆಂಪು ಬರಲು ಕಾರಣ ಹುಡುಕಿಕೊಂಡು ಹೋಗಬೇಕಿಲ್ಲ, ಮುಖಪುಟದ ಸ್ಲೈಡರ್ ನೋಡಿದರೆ ಸಾಕು. ಮುಳ್ಳಯ್ಯನಗಿರಿಯ ಮಂಜು, ಕ್ಯಾಂಪ್‌ಫೈರ್, ಹೂಬಿಟ್ಟ ಕಾಫಿ ತೋಟ, ಈಜುಕೊಳ, ಅಕ್ಕಿರೊಟ್ಟಿ ತಟ್ಟೆ: ಐದು ಚಿತ್ರ, ಒಂದೊಂದೂ ಫೋನಿನಿಂದ ನೇರವಾಗಿ ಏರಿಸಿದ 4 ಎಂಬಿ. ಸ್ಲೈಡರ್ ತೆಗೆದು ಒಂದೇ ಚಿತ್ರ ಇಡಿ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಮಾದರಿಗೆ ಬದಲಿಸಿದರೆ ಸಾಮಾನ್ಯವಾಗಿ 200 ಕೆಬಿಯೊಳಗೆ ಬಂದು ಕೂರುತ್ತದೆ. ಆ ಮೊದಲ ಚಿತ್ರಕ್ಕೆ ಮಾತ್ರ ಲೇಜಿ ಲೋಡ್ (ಕಣ್ಣಿಗೆ ಬೀಳುವ ಹೊತ್ತಿಗಷ್ಟೇ ಚಿತ್ರ ತರಿಸುವ ವ್ಯವಸ್ಥೆ) ಹಾಕಬಾರದು; ಹಾಕಿದರೆ ಅದೇ ತಡವಾಗಿ ಬಂದು ಎಲ್‌ಸಿಪಿ ಇನ್ನಷ್ಟು ಕೆಡುತ್ತದೆ. ಪ್ರತಿ ಚಿತ್ರಕ್ಕೂ ಅಗಲ, ಎತ್ತರ ನಮೂದಿಸಿದರೆ ಜಿಗಿತ ಬಹುಪಾಲು ನಿಲ್ಲುತ್ತದೆ. ಪುಟದೊಳಗೇ ಕೂರಿಸಿದ ಮ್ಯಾಪ್, ಇನ್‌ಸ್ಟಾಗ್ರಾಮ್ ಪಟ್ಟಿ, ತೇಲುವ ಚಾಟ್ ಗುಂಡಿ ಇವುಗಳ ಬದಲು ಬರೀ ಲಿಂಕ್ ಸಾಕು. ಕನ್ನಡ ಫಾಂಟ್‌ನ ಫೈಲು ಇಂಗ್ಲಿಷಿನದಕ್ಕಿಂತ ದಪ್ಪ, ಒತ್ತಕ್ಷರಗಳೆಲ್ಲ ಅದರೊಳಗಿರಬೇಕಲ್ಲ. ಹಾಗಾಗಿ ಮಾಮೂಲಿ ಮತ್ತು ದಪ್ಪ (ಬೋಲ್ಡ್) ಅಕ್ಷರ, ಎರಡೇ ಬಗೆ ಹಾಕಿಸಿ. ಇಷ್ಟು ಒಂದು ದಿನದ ಕೆಲಸ. ಇದಕ್ಕಾಗಿ ಇಡೀ ಸೈಟ್ ಒಡೆಯುವುದು ದುಂದುವೆಚ್ಚ.

ಪೇಜ್‌ಸ್ಪೀಡ್‌ನ ಕಣ್ಣಿಗೆ ಬೀಳದ್ದು ಬಹಳ ಇದೆ. ರೂಮಿನ ದರ ಎಲ್ಲೂ ಬರೆದಿಲ್ಲದಿದ್ದರೂ, ಫೋನ್ ನಂಬರ್ ಬದಲಾಗಿದ್ದರೂ ನೂರಕ್ಕೆ 98 ಕೊಟ್ಟು ಕಳಿಸುತ್ತದೆ. ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಬದಲಿಸದೆ ಅಂಟಿಸಿದ್ದರೆ, ಆ ಫಾಂಟ್ ಇಲ್ಲದವರಿಗೆ ಅದು ಅರ್ಥವಿಲ್ಲದ ಅಕ್ಷರಗಳ ಸಾಲು, ಗೂಗಲ್‌ಗೂ ಅಷ್ಟೇ. ಈ ಉಪಕರಣ ಅದರ ಬಗ್ಗೆ ಚಕಾರ ಎತ್ತುವುದಿಲ್ಲ.

ಸರ್ಚ್ ಕನ್ಸೋಲ್‌ಗೆ ಸೈಟ್ ನಿಮ್ಮದೇ ಎಂದು ತೋರಿಸಬೇಕು. ಡೊಮೇನ್ (ಸೈಟ್‌ನ ಹೆಸರು) ಕೊಂಡ ಕಡೆ, ಆ ಹೆಸರಿನ ದಾಖಲೆಗಳಿರುವ ಡಿಎನ್‌ಎಸ್‌ನಲ್ಲಿ ಟಿಎಕ್ಸ್‌ಟಿ ಎಂಬ ಒಂದು ಸಾಲು ಸೇರಿಸುವ ದಾರಿಯೇ ಒಳ್ಳೆಯದು. ಪುಟದೊಳಗೆ ಟ್ಯಾಗ್ ಹಾಕಿದರೆ ಥೀಮ್ ಬದಲಾದ ದಿನ ಅದು ಹಾರಿಹೋಗುತ್ತದೆ. ಪರ್ಫಾರ್ಮೆನ್ಸ್ ವರದಿ ತೆರೆದಾಗ ಕಾಣುವುದು ಮೂರು ತಿಂಗಳು, ಆದರೆ 16 ತಿಂಗಳವರೆಗೂ ಹಿಂದಕ್ಕೆ ಹೋಗಬಹುದು. ನಮ್ಮ ಕಡೆ ಇದು ದೊಡ್ಡ ಅನುಕೂಲ. ಡಿಸೆಂಬರ್ ರಜೆಯ ಜಂಗುಳಿಯನ್ನು ಪರೀಕ್ಷೆಯ ಮಾರ್ಚ್‌ಗೆ ಹೋಲಿಸಿ ‘ಸೈಟ್ ಬಿದ್ದುಹೋಯಿತು’ ಎಂದು ಕಂಗಾಲಾಗುವ ಬದಲು, ಈ ಮಾರ್ಚ್‌ಗೆ ಕಳೆದ ಮಾರ್ಚ್ ಇಟ್ಟು ನೋಡಬಹುದು.

ನೋಡುವ ಕ್ರಮ ಹೀಗೆ. ಹುಡುಕಾಟದಲ್ಲಿ ಕಾಣಿಸಿಕೊಂಡದ್ದು ಮೊದಲಿನಷ್ಟೇ ಇದ್ದು ಕ್ಲಿಕ್ ಮಾತ್ರ ಇಳಿದಿದ್ದರೆ ಪುಟದ ಶೀರ್ಷಿಕೆ, ವಿವರಣೆ ತಿದ್ದಿ. ಕಾಣಿಸಿಕೊಳ್ಳುವುದೇ ಇಳಿದಿದ್ದರೆ ಪೇಜಸ್ ವರದಿಗೆ ಹೋಗಿ, ಯಾವ ಪುಟಗಳನ್ನು ಗೂಗಲ್ ಸೇರಿಸಿಕೊಂಡಿಲ್ಲ, ಏಕೆ ಎಂದು ಓದಿ. ಎರಡೂ ಸರಿಯಿದ್ದು ಫೋನೇ ಬರುತ್ತಿಲ್ಲ ಎಂದರೆ ತೊಂದರೆ ಪುಟದೊಳಗಿದೆ: ದರ, ಊಟದ ವಿವರ, ತಲುಪುವ ದಾರಿ, ಕರೆ ಗುಂಡಿ. ಜನ ಟೈಪ್ ಮಾಡಿದ ಪದಗಳನ್ನೂ ನೋಡಿ. 2014ರಲ್ಲಿ ಚಿಕ್ಕಮಗಳೂರಿನ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾದರೂ ಹುಡುಕುವವರು ಹಳೆಯದನ್ನು ಬಿಟ್ಟಿಲ್ಲ, ಎರಡೂ ಪುಟದಲ್ಲಿರಲಿ.

ಹಾಗಾದರೆ ಹೊಸದು ಯಾವಾಗ? ಥೀಮ್ ಅಥವಾ ಪ್ಲಗಿನ್‌ಗೆ ಅಪ್‌ಡೇಟ್ ನಿಂತಿದ್ದರೆ. ದರ ಬದಲಿಸಲೂ ಪ್ರತಿ ಸಲ ಮಾಡಿಕೊಟ್ಟವರ ಕಾಲು ಹಿಡಿಯಬೇಕಿದ್ದರೆ. ಮೊಬೈಲ್‌ನಲ್ಲಿ ಅಕ್ಷರ ಹಿಗ್ಗಿಸದೆ ಓದಲಾಗದಿದ್ದರೆ. ಹೋಂಸ್ಟೇ ಜೊತೆಗೆ ಪೀಬೆರ‍್ರಿ, ಚಿಕೋರಿ ಮಿಶ್ರಣದ ಪುಡಿ ಮಾರಾಟವೂ ಶುರುವಾಗಿ ಹಳೆಯ ಚೌಕಟ್ಟಿನಲ್ಲಿ ಅದಕ್ಕೆ ಜಾಗವೇ ಇಲ್ಲದಿದ್ದರೆ. ಗೂಗಲ್ ಬಿಸಿನೆಸ್ ಪ್ರೊಫೈಲ್‌ನ ಪುಕ್ಕಟೆ ಸೈಟ್ ನಂಬಿಕೊಂಡವರಿಗಂತೂ ಬೇರೆ ದಾರಿಯಿಲ್ಲ, ಅದು 2024ರ ಮಾರ್ಚ್‌ನಲ್ಲೇ ಮುಚ್ಚಿದೆ.

ಮಾಡಿಸುವುದೇ ಆದರೆ ಸರ್ಚ್ ಕನ್ಸೋಲ್ ನಿಜವಾಗಿ ದುಡಿಯುವುದು ಆಗ. ಕ್ಲಿಕ್ ಬರುವ ಪುಟಗಳ ಪಟ್ಟಿಯನ್ನು ಮೊದಲೇ ಇಳಿಸಿಕೊಳ್ಳಿ. ಶೀಟ್‌ನ ಒಂದು ಕಾಲಂನಲ್ಲಿ ಹಳೆಯ ವಿಳಾಸ, ಪಕ್ಕದಲ್ಲಿ ಅದೇ ವಿಷಯದ ಹೊಸ ವಿಳಾಸ. ಪ್ರತಿಯೊಂದಕ್ಕೂ 301 ರೀಡೈರೆಕ್ಟ್, ಅಂದರೆ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಾಯಂ ಆಗಿ ತಿರುಗಿಸುವ ವ್ಯವಸ್ಥೆ. ಸೋಮಾರಿತನಕ್ಕೆ ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿದರೆ ಗೂಗಲ್ ಅವನ್ನು ಪುಟವೇ ಇಲ್ಲ ಎಂದು ಪರಿಗಣಿಸಬಹುದು, ವರ್ಷಗಟ್ಟಲೆ ಗಳಿಸಿದ ಸ್ಥಾನ ಕೈತಪ್ಪುತ್ತದೆ. ರೀಡೈರೆಕ್ಟ್ ಕನಿಷ್ಠ ಒಂದು ವರ್ಷ ಇರಬೇಕು. ಡೊಮೇನ್, ವಿನ್ಯಾಸ, ಬರಹ ಮೂರನ್ನೂ ಒಂದೇ ದಿನ ಬದಲಿಸಬೇಡಿ. ಕ್ಲಿಕ್ ಇಳಿದರೆ ಯಾವುದರಿಂದ ಎಂದು ಪತ್ತೆಯಾಗುವುದಿಲ್ಲ.

ಅತಿ ಹೆಚ್ಚು ಕಾಡುವ ಎಡವಟ್ಟು ಬಹಳ ಚಿಕ್ಕದು. ವರ್ಡ್‌ಪ್ರೆಸ್‌ನಲ್ಲಿ ಸೈಟ್ ಕಟ್ಟುವಾಗ ಸರ್ಚ್ ಎಂಜಿನ್‌ಗಳನ್ನು ದೂರವಿಡುವ ಒಂದು ಟಿಕ್ ಹಾಕಿರುತ್ತಾರೆ. ರೀಡಿಂಗ್ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ. ಬಿಡುಗಡೆಯ ದಿನ ಅದನ್ನು ತೆಗೆಯಲು ಮರೆತರೆ ಪುಟಗಳು ಒಂದೊಂದಾಗಿ ಹುಡುಕಾಟದಿಂದ ಮಾಯ. ಸೈಟ್ ಮಾತ್ರ ಚೆನ್ನಾಗಿಯೇ ತೆರೆಯುತ್ತಿರುವುದರಿಂದ ಮಾಲೀಕರಿಗೆ ಗೊತ್ತೇ ಆಗುವುದಿಲ್ಲ. ಮುಖ್ಯ ಪುಟಗಳನ್ನು ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಹಾಕಿ ನೋಡಿ, ಸೈಟ್‌ಮ್ಯಾಪ್ (ಸೈಟ್‌ನ ಪುಟಗಳ ಪಟ್ಟಿ) ಸಲ್ಲಿಸಿ. ಬಿಡುಗಡೆ ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಆಗಲಿ. ಲಾಂಗ್ ವೀಕೆಂಡ್‌ಗೆ ಮುಂಚಿನ ಶುಕ್ರವಾರ ಸಂಜೆಯಂತೂ ಖಂಡಿತ ಬೇಡ.

ಕುಂದು ಸರ್ಚ್ ಕನ್ಸೋಲ್‌ಗೂ ಇದೆ. ಪಕ್ಕಾ ಅಂಕಿಅಂಶ ಬರಲು ಎರಡು ಮೂರು ದಿನ ಹಿಡಿಯುತ್ತದೆ, ಪಟ್ಟಿಯಲ್ಲಿ 1000 ಸಾಲಿನ ಮಿತಿ, ತೀರಾ ಕಡಿಮೆ ಜನ ಹುಡುಕಿದ ಪದಗಳನ್ನು ಮರೆಮಾಡುತ್ತದೆ. ಮೊದಲ ಸಲ ತೆರೆದವರಿಗೆ ಪೇಜಸ್ ವರದಿಯ ಭಾಷೆ ಕಬ್ಬಿಣದ ಕಡಲೆ. ಆದರೂ ಐದಕ್ಕೆ ನಾಲ್ಕೂವರೆ ಕೊಡಬಹುದು. ಪೇಜ್‌ಸ್ಪೀಡ್‌ಗೆ ಮೂರು. ಸರ್ಚ್ ಕನ್ಸೋಲ್ ಖಾತೆ ಮಾತ್ರ ನಿಮ್ಮ ಜಿಮೇಲ್‌ನಲ್ಲೇ ತೆರೆಯಿರಿ, ಡೊಮೇನ್ ಕೂಡ ನಿಮ್ಮ ಹೆಸರಲ್ಲೇ ಇರಲಿ. ಏಜೆನ್ಸಿಯವರನ್ನು ಓನರ್ ಮಾಡದೆ ಫುಲ್ ಯೂಸರ್ ಆಗಿ ಸೇರಿಸಿ, ಕೆಲಸ ಮುಗಿದ ಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ತೆಗೆಯಿರಿ.