ನಿಕಾನ್ 200-500 ಲೆನ್ಸ್: ಮಾಗಡಿ ಕೆರಿ ದಂಡಿ ಮ್ಯಾಲೆ ಎರಡು ಚಳಿಗಾಲ ಹಾರೂ ಹಕ್ಕಿ ಫೋಟೋ ತಗದ ಮ್ಯಾಲೆ

ಹುಬ್ಬಳ್ಳಿಯಿಂದ ನಸಿಕಿನ್ಯಾಗ ಬೈಕ್ ತಗೊಂಡು ಲಕ್ಷ್ಮೇಶ್ವರ ದಾಟಿ ಗದಗ ಜಿಲ್ಲಾದ ಮಾಗಡಿ ಕೆರಿಗೆ ಹೋಗಾಕತ್ತಿ ಎರಡು ಚಳಿಗಾಲ ಆತು. ಕೈಯಾಗ ನಿಕಾನ್ ಡಿ500 ಕ್ಯಾಮೆರಾ ಬಾಡಿ, ಅದಕ್ಕ ನಿಕಾನ್ 200-500 ಎಂಎಂ ಎಫ್5.6 ಝೂಮ್ ಲೆನ್ಸ್, ಎರಡೂ ಸೆಕೆಂಡ್ ಹ್ಯಾಂಡ್. ಹಾರೂ ಹಕ್ಕಿಗೆ ಈ ಲೆನ್ಸ್ ನಡೀತೈತೇನ್ರಿ ಅಂತ ಭಾಳ ಮಂದಿ ಕೇಳ್ತಾರ. ನಡೀತೈತ್ರಿ, ಖರೇನ ಚೊಲೋ ನಡೀತೈತಿ, ಆದ್ರ ಪೆಟ್ಟಿಗ್ಯಾಗಿಂದ ತಗದು ಹಂಗ ಹಿಡದ್ರ ನಡ್ಯಂಗಿಲ್ಲ.

ಮೊದಲನೇ ದಿನ ಆರ್ನೂರರ ಮ್ಯಾಲೆ ಫೋಟೋ ತಗದಿದ್ದೆ, ಮನಿಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದ್ರ ಶಾರ್ಪ್ ಇದ್ದದ್ದು ಇಪ್ಪತ್ತೋ ಇಪ್ಪತ್ತೈದೋ. ಕಾರಣ ಆಮ್ಯಾಲೆ ತಿಳೀತು. ಲೆನ್ಸಿನ ಬಾಜೂಕ ಫೋಕಸ್ ಲಿಮಿಟರ್ ಅಂತ ಒಂದು ಸ್ವಿಚ್ ಐತಿ, ಅದು ಫುಲ್ ಮ್ಯಾಲೆ ಇತ್ತು. ಹಂಗಿದ್ರ ಒಮ್ಮೆ ಫೋಕಸ್ ತಪ್ಪಿತಂದ್ರ ಲೆನ್ಸ್ ಎರಡು ಮೀಟರ್ ತನಕ ಹುಡುಕ್ಕೊಂತ ಬಂದು ಮತ್ತ ತಿರುಗಿ ಹೋಗ್ತೈತಿ, ಅಷ್ಟೊತ್ತಿಗೆ ಹಕ್ಕಿ ಆ ಕಡೆ ದಂಡಿ ಮುಟ್ಟಿರ್ತೈತಿ. 6 ಮೀಟರಿನಿಂದ ಇನ್ಫಿನಿಟಿ ಕಡೆ ಸರಿಸಿಬಿಡ್ರಿ, ಅರ್ಧ ತ್ರಾಸು ಅಲ್ಲೇ ಕಡಿಮಿ ಆಗ್ತೈತಿ. ಇನ್ನ ವಿಆರ್ (ಕೈ ನಡುಕದಿಂದ ಫೋಟೋ ಅಳ್ಳಾಡದಂಗ ತಡಿಯೂ ವ್ಯವಸ್ಥಾ), ಅದನ್ನ ಸ್ಪೋರ್ಟ್ ಮ್ಯಾಲೆ ಇಡ್ರಿ, ನಾರ್ಮಲ್ ಮ್ಯಾಲೆ ಇದ್ರ ಹಕ್ಕಿ ಹಿಂದ ಕ್ಯಾಮೆರಾ ತಿರುಗಿಸುವಾಗ ವ್ಯೂಫೈಂಡರ್‌ನ್ಯಾಗ ಚಿತ್ರ ಜಗ್ಗಿ ಹಿಡದಂಗ ಆಗ್ತೈತಿ.

ಮಾಗಡಿಗೆ ಬರೂ ಪಟ್ಟೆ ತಲಿ ಹೆಬ್ಬಾತು ಹಿಮಾಲಯ ದಾಟಿ ಬರ್ತಾವ, ನವೆಂಬರ್‌ನಿಂದ ಮಾರ್ಚ್ ತನಕ ಇರ್ತಾವ. ರಾತ್ರಿ ಹೊಲಕ್ಕ ಮೇಯಾಕ ಹೋದ ಹಿಂಡು ಬೆಳಿಗ್ಗೆ ಕೆರಿಗೆ ತಿರುಗಿ ಬರೂದನ್ನ ನೋಡಬೇಕ್ರಿ, ಮೊದಲ ಕೂಗು ಕೇಳ್ತೈತಿ, ಆಮ್ಯಾಲೆ ದೂರದಾಗ ಒಂದು ಕರಿ ಗೆರಿ ಕಾಣ್ತೈತಿ, ನೋಡನೋಡ್ತ ಗೆರಿ ಒಡದು ಒಂದೊಂದ ಹಕ್ಕಿ ಆಗಿ ರೆಕ್ಕಿ ಬಾಗಿಸಿ, ಕಿತ್ತಳಿ ಕಾಲು ಮುಂದ ಚಾಚಿ ನೀರಿಗೆ ಇಳೀತಾವ. ನನಗ ಬೇಕಾದದ್ದು ಆ ಇಳಿಯೂ ಗಳಿಗಿ. ಆಗ ಬೆಳ್ಳನ ತಲಿ ಮ್ಯಾಲಿನ ಎರಡು ಕರಿ ಪಟ್ಟಿ ಚೊಕ್ಕ ಕಾಣ್ತಾವ.

ತ್ರಾಸು ಇರೂದೂ ಅಲ್ಲೇ. ಹಕ್ಕಿ ಮೊದಲ ಆಕಾಶದ ಮುಂದ ಇರ್ತೈತಿ, ಆಮ್ಯಾಲೆ ಗಿಡದ ಮುಂದ, ಕಡೀಕ ನೀರಿನ ಮುಂದ. ಆಟೋ ಐಎಸ್‌ಒ (ಬೆಳಕು ನೋಡಿ ಕ್ಯಾಮೆರಾ ತಾನ ಸೆನ್ಸರಿನ ಸೂಕ್ಷ್ಮತೆ ಹೊಂದಿಸೂದು) ಇಟ್ಟಿದ್ರ ಆಕಾಶದಾಗ ಹಕ್ಕಿ ಕರ್ರಗ ಬರ್ತೈತಿ, ಅದಕ್ಕಂತ ಎಕ್ಸ್‌ಪೋಜರ್ +1 (ದುಪ್ಪಟ್ಟು ಬೆಳಕು) ಮಾಡಿಟ್ರ ಗಿಡದ ಮುಂದ ಬಂದಾಗ ಬಿಳಿ ತಲಿ ಪೂರ್ತಿ ಸುಣ್ಣ ಬಳದಂಗ ಆಗಿ ಗರಿ ಒಂದೂ ಕಾಣಂಗಿಲ್ಲ. ಬಿಸಿಲು ಒಂದೇ ಸಮ ಇದ್ರ ಪೂರ್ತಿ ಮ್ಯಾನುವಲ್ ಇಡ್ರಿ, ಐಎಸ್‌ಒ ಸೈತ. ನಾ ಶಟರ್ 1/2500 ಸೆಕೆಂಡ್, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್6.3 ಇಟ್ಟು ಎಂಟು ಎಂಟೂವರಿಗೆ ಐಎಸ್‌ಒ 800 ಇಡ್ತೀನಿ, ಬಿಸಿಲು ಏರಿದಂಗ 400ಕ್ಕ ಇಳಸ್ತೀನಿ. ಹಿಂದಿಂದು ಏನರ ಬದಲಾಗಲಿ, ಹಕ್ಕಿ ಮ್ಯಾಲೆ ಬೀಳೂ ಬಿಸಿಲು ಅದೇ ಐತಲ್ರಿ. ಮೋಡ ಬಂದು ಹೋಗಿ ಮಾಡೂ ದಿನ ಮಾತ್ರ ಆಟೋ ಐಎಸ್‌ಒ.

ಫೋಕಸ್ ಎಎಫ್-ಸಿ (ಹಕ್ಕಿ ಸರಿದಂಗ ಫೋಕಸ್ ಬೆನ್ನತ್ತಿ ಹೋಗೂ ಮೋಡ್), ಹಿಂದಿನ ಎಎಫ್-ಆನ್ ಬಟನ್‌ಗೆ ಕೊಟ್ಟೀನಿ, ಶಟರ್ ಬಟನ್ ಬರೇ ಫೋಟೋಕ್ಕ. ಗ್ರೂಪ್ ಏರಿಯಾ (ಒಂದಿಷ್ಟು ಫೋಕಸ್ ಪಾಯಿಂಟ್ ಕೂಡಿ ಹುಡುಕೂದು) ಆಕಾಶದಾಗ ಲಗೂನ ಹಿಡೀತೈತಿ, ಆದ್ರ ಅದು ಹತ್ತಿರ ಇದ್ದದ್ದನ್ನ ಮೊದಲ ಹಿಡಿಯೂ ಜಾತಿ, ಹಕ್ಕಿ ಕೆಳಗ ಇಳಿದಂಗ ಮುಂದಿನ ಜೊಂಡನ್ನ ಹಿಡಕೊಂಡು ಕುಂದರ್ತೈತಿ. ನೀರಿನ ಮ್ಯಾಲೆ 25 ಪಾಯಿಂಟಿನ ಡೈನಾಮಿಕ್ (ನಾವು ಆರಿಸಿದ ಪಾಯಿಂಟಿನಿಂದ ಹಕ್ಕಿ ತಪ್ಪಿದ್ರ ಸುತ್ತಲಿನವು ಹಿಡಿಯೂದು) ಚೊಲೋ.

ತೂಕದ ವಿಚಾರ ಹೇಳಲೇಬೇಕು. ಲೆನ್ಸ್ 2300 ಗ್ರಾಂ, ಬಾಡಿ ಕೂಡಿದ್ರ ಮೂರು ಕಿಲೋ ದಾಟ್ತೈತಿ, ಲೆನ್ಸಿನ ಕೆಳಗ ಟ್ರೈಪಾಡಿಗೆ ಕೂಡಿಸಾಕ ಇರೂ ಕಾಲನ್ನ ಎಡಗೈ ಅಂಗೈಯಾಗ ಇಟ್ಟು ಮೊಣಕೈ ಎದಿಗೆ ಒತ್ತಿ ಹಿಡದ್ರ ಅರ್ಧ ತಾಸು ತಡೀತೈತಿ. ಝೂಮ್ ರಿಂಗ್ 200ರಿಂದ 500ಕ್ಕ ಒಂದ ತಿರುವಿಗೆ ಹೋಗಂಗಿಲ್ಲ, ಅದಕ್ಕ 300ರಾಗ ಹಕ್ಕಿ ಹುಡುಕಿ ಹಿಡದು ಆಮ್ಯಾಲೆ 500ಕ್ಕ ಒಯ್ರಿ. ಈ ಬಾಡಿ ಸೆನ್ಸರ್ ಸಣ್ಣದು, ಅದಕ್ಕ 500 ಎಂಎಂ ಅಂದ್ರ 750ರಷ್ಟು ಹತ್ತಿರ ಕಾಣ್ತೈತಿ, ಹಕ್ಕಿ ಚೌಕಟ್ಟಿನಿಂದ ತಪ್ಪೂದೂ ಅಷ್ಟ ಸರಳ.

ಸೆಕೆಂಡ್ ಹ್ಯಾಂಡ್ ತಗೋಳವ್ರು ಟಾರ್ಚ್ ಹಾಕಿ ಗಾಜಿನ ಒಳಗ ಬೂಷ್ಟು ಹಿಡದೈತೇನು ನೋಡ್ರಿ, ನಮ್ಮ ಮಳಿಗಾಲಕ್ಕ ಸಿಲಿಕಾ ಜೆಲ್ ಹಾಕಿ ಬಿಗಿ ಡಬ್ಬ್ಯಾಗ ಇಡೂದು ಬಿಡಬ್ಯಾಡ್ರಿ. ದಿನಾ ಪ್ರಾಕ್ಟೀಸಿಗೆ ಉಣಕಲ್ ಕೆರಿ ಬೆಳ್ಳಕ್ಕಿ ಸಾಕು, ಸಾವಕಾಶ ಹಾರ್ತಾವ.

ಇನ್ನೊಂದು ಮಾತು. ಹಿಂದಿನ ಡಿಸೆಂಬರ್‌ದಾಗ ನಾ ಒಡ್ಡಿನ ಮ್ಯಾಲೆ ಎದ್ದು ನಿಂತಿದ್ದೆ, ಬಾಜೂಕ ಎತ್ತು ಹೊಡಕೊಂಡು ಹೊಂಟಿದ್ದ ಅಜ್ಜಾರು "ತಮ್ಮಾ, ಕುಂದ್ರೋ, ನೀ ನಿಂತ್ರ ಅವು ಇಳ್ಯಂಗಿಲ್ಲ" ಅಂದ್ರು. ಕುಂತೆ. ಮೂರು ಸುತ್ತು ಹೊಡದ ಹಿಂಡು ನಾಲ್ಕನೇ ಸುತ್ತಿಗೆ ನನ್ನ ಮುಂದನ ಇಳೀತು. 2024ರಾಗ ಮಾಗಡಿ ಕೆರಿಗೆ ರಾಮ್ಸಾರ್ ಮಾನ್ಯತೆ (ಜಗತ್ತಿನ ಮಹತ್ವದ ಜೌಗು ನೆಲ ಅನ್ನೂ ಗುರುತು) ಸಿಕ್ಕೈತಿ, ಕ್ಯಾಮೆರಾ ಹಿಡಕೊಂಡು ಬರವ್ರು ಇನ್ನೂ ಬರ್ತಾರ. ದಯಮಾಡಿ ಫೋಟೋ ಸಲುವಾಗಿ ಕಲ್ಲು ಒಗದು ಹಕ್ಕಿ ಎಬ್ಬಿಸಬ್ಯಾಡ್ರಿ, ರಾತ್ರಿಯೆಲ್ಲಾ ಮೇಯ್ದು ವಿಶ್ರಾಂತಿಗೆ ಅಂತ ಅವು ಅಲ್ಲಿ ಬಂದಿರ್ತಾವ. ಬಿಸಿಲು ಹಿಂದ ಬರೂವಂಗ ಕುಂತು ಕಾಯ್ರಿ.