ಸಿಗರೇಟು ಬಿಡೋಕೆ: ಫೋನಾ, ಗಮ್ಮಾ, ಡಾಕ್ಟರಾ?

ಸಿಗರೇಟ್ ಪ್ಯಾಕಿನ ಮೇಲೆ 1800-11-2356 ಅಂತ ನಂಬರ್ ಇರುತ್ತದಲ್ವಾ, ಅದು ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್, ಅಂದರೆ ತಂಬಾಕು ಬಿಡಲು ನೆರವಾಗುವ ಸಹಾಯವಾಣಿ. ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು. ಬಿಡುವ ದಿನ ಗೊತ್ತು ಮಾಡಲು ನೆರವಾಗುತ್ತಾರೆ. ಆಮೇಲೆ ಅವರೇ ಫೋನ್ ಮಾಡಿ ವಿಚಾರಿಸುತ್ತಾರೆ.

ನಿಕೋಟಿನ್ (ತಂಬಾಕಿನಲ್ಲಿ ಚಟ ಹಿಡಿಸುವ ಅಂಶ) ಇರುವ ಚೂಯಿಂಗ್ ಗಮ್ಮಿನ ಕೆಲಸವೇ ಬೇರೆ. ಫೋನ್ ಮನಸ್ಸಿಗೆ ಬಲ ಕೊಟ್ಟರೆ, ಇದು ಮೈಯ ಚಡಪಡಿಕೆ ತಗ್ಗಿಸುತ್ತದೆ. 2 ಮಿಲಿಗ್ರಾಂನದು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಆದರೆ ಸುಮ್ನೆ ಜಗಿಯುತ್ತಲೇ ಇದ್ದರೆ ಬಿಕ್ಕಳಿಕೆ, ಹೊಟ್ಟೆ ತೊಳಸು. ನಿಧಾನಕ್ಕೆ ಅಗಿಯಿರಿ. ಬಾಯಿ ಚುರುಗುಟ್ಟಿದ ಕೂಡಲೇ ಕೆನ್ನೆ, ವಸಡಿನ ನಡುವೆ ಒತ್ತಿಡಿ. ಚುರುಚುರು ಇಳಿದ ಮೇಲೆ ಮತ್ತೆ ಅಗಿಯಿರಿ. ಕಾಫಿ ಕುಡಿದು 15 ನಿಮಿಷವಾದರೂ ಬಿಡಿ, ಇಲ್ಲದಿದ್ದರೆ ನಿಕೋಟಿನ್ ಸರಿಯಾಗಿ ಮೈಗೆ ಸೇರುವುದಿಲ್ಲ.

ಗರ್ಭಿಣಿಯರು, ಹೃದಯದ ತೊಂದರೆ ಇರುವವರು ಮೊದಲು ಡಾಕ್ಟರ ಹತ್ತಿರವೇ ಹೋಗಬೇಕು. ಎದ್ದ ಕೂಡಲೇ ಸಿಗರೇಟು ಬೇಕೇ ಬೇಕು ಅನ್ನುವವರಿಗೂ ಅದೇ ಒಳ್ಳೆಯದು, ಅಲ್ಲಿ ಮಾತ್ರೆಗಳೂ ಉಂಟು. ವೇಪ್ (ಇ-ಸಿಗರೇಟು) ಸೇದುವವರೂ ಅಷ್ಟೇ. 2019ರಿಂದ ಅದರ ಮಾರಾಟಕ್ಕೆ ನಿಷೇಧವಿದೆ ಅಂತ ಹೆದರಿ ಮುಚ್ಚಿಡಬೇಡಿ.

ಉಳಿದವರಿಗೆ ನನ್ನ ಆಯ್ಕೆ ಫೋನ್ ಮತ್ತು ಗಮ್, ಎರಡೂ ಒಟ್ಟಿಗೆ. ಒಂದೇ ಸಾಕು ಅಂದರೆ, ಇವತ್ತೇ ಫೋನ್ ಮಾಡಿ.