ಕೀ ಗೊಂಚಲಿನ ಬ್ಯಾಟ್ರಿ: ಮೂರು ಕೊಂಡೆ, ಉಳಿದದ್ದು ಒಂದು

ಮೊದಲೇ ಹೇಳಿಬಿಡುತ್ತೇನೆ. ನನ್ನ ಕೀ ಗೊಂಚಲಿನಲ್ಲಿ ಈಗ ಇರುವುದು ಒಂದೇ ಒಂದು ಎಎಎ ಶೆಲ್ಲು (ಟಿವಿ ರಿಮೋಟಿಗೆ ಹಾಕುವ ಸಣ್ಣ ಶೆಲ್ಲು) ಹಾಕುವ, ಮೂತಿ ತಿರುಗಿಸಿದರೆ ಹತ್ತುವ ಪುಟ್ಟ ಟಾರ್ಚು. ಅದನ್ನು ಬದಲಾಯಿಸುವ ಯೋಚನೆ ಸದ್ಯಕ್ಕಿಲ್ಲ. ಅದಕ್ಕಿಂತ ಮೊದಲು ಇನ್ನೆರಡು ಕೊಂಡು ನೋಡಿದೆ. ಒಂದರಲ್ಲಿ ದುಡ್ಡು ಹೋಯಿತು ಅನ್ನುವ ಹಾಗಿಲ್ಲ, ಯಾಕೆಂದರೆ ಅದಕ್ಕೆ ಹೇಳಿಕೊಳ್ಳುವಂಥ ದುಡ್ಡೇ ಇರಲಿಲ್ಲ. ಇನ್ನೊಂದು ಹೊಟ್ಟೆ ಉರಿಸಿತು.

ನಮ್ಮ ಮನೆ ಸಿದ್ದಾಪುರದ ಕಡೆ. ಟಾರು ರಸ್ತೆಯಿಂದ ಮನೆಗೆ ಒಂದು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಅದರಲ್ಲಿ ಅರ್ಧ ದಾರಿ ಅಡಿಕೆ ತೋಟದೊಳಗೆ, ನಡುವೆ ಒಂದು ಸಂಕ, ಅಂದರೆ ಕಾಲುಸೇತುವೆ. ಮಳೆಗಾಲದಲ್ಲಿ ಸ್ಕೂಟರನ್ನು ರಸ್ತೆ ಬದಿಯ ಶೆಡ್ಡಿನಲ್ಲಿ ನಿಲ್ಲಿಸಿ ನಡೆದೇ ಹೋಗಬೇಕು. ನಮ್ಮ ಕಡೆ ಟಾರ್ಚಿಗೆ ಬ್ಯಾಟ್ರಿ ಅಂತಲೇ ಹೆಸರು. ಅಜ್ಜನ ಕಾಲದಲ್ಲಿ ಯಕ್ಷಗಾನ ನೋಡಿ ಬರುವಾಗ ಒಣ ಗರಿಯ ಸೂಡಿ ಹೊತ್ತಿಸಿ ಬೀಸುತ್ತಿದ್ದರಂತೆ. ಅಪ್ಪನ ಕಾಲಕ್ಕೆ ಮೂರು ಶೆಲ್ಲಿನ ಸ್ಟೀಲ್ ಬ್ಯಾಟ್ರಿ ಬಂತು. ಅದು ಈಗಲೂ ಮನೆಯಲ್ಲಿದೆ, ದಾರಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ತೊಂದರೆ ಇಷ್ಟೇ: ಕತ್ತಲಾಗುವ ಹೊತ್ತಿಗೆ ಅದು ಮನೆಯ ಗೂಟದಲ್ಲಿ ನೇತಾಡುತ್ತಿರುತ್ತದೆ, ನಾನು ಸಂಕದ ಆಚೆ ನಿಂತಿರುತ್ತೇನೆ.

ಮೊಬೈಲಿನಲ್ಲೇ ಟಾರ್ಚ್ ಇದೆಯಲ್ಲ ಅಂತ ನೀವು ಕೇಳಬಹುದು. ಜುಲೈ ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಲ ಹಿಡಿದು, ಒದ್ದೆ ಬೆರಳಿನಿಂದ ಪರದೆ ಉಜ್ಜಿ ನೋಡಿ, ಆಮೇಲೆ ಮಾತಾಡೋಣ. ಫ್ಯೂಸ್ ತಂತಿ ಕಟ್ಟುವಾಗ ಮೊಬೈಲನ್ನು ಬಾಯಲ್ಲಿ ಕಚ್ಚಿಕೊಳ್ಳುವುದಕ್ಕೂ ಆಗುವುದಿಲ್ಲ.

ಮೊದಲು ಬಂದದ್ದು ಒತ್ತುವ ಜಾತಿ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ನೇತುಹಾಕಿರುತ್ತಾರೆ, 40 ರೂಪಾಯಿ. ಎರಡು ಬೆರಳಲ್ಲಿ ಹಿಂಡಿದರೆ ಬೆಳಕು, ಬಿಟ್ಟರೆ ಕತ್ತಲೆ. ಒಳಗೆ ನಾಣ್ಯದ ಹಾಗಿರುವ ಶೆಲ್ಲು. ಅದರ ಮೇಲೆ ಸಿಆರ್2032 ಅಂತ ಬರೆದಿದ್ದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಅಂತ ಅರ್ಥ. 2016 ಅಂತಿದ್ದರೆ ಅಷ್ಟೇ ಅಗಲ, ದಪ್ಪ ಅರ್ಧ. ಕೆಲವು ದೀಪಗಳಲ್ಲಿ ತೆಳ್ಳಗಿನವು ಎರಡು ಒಂದರ ಮೇಲೊಂದು ಕೂತಿರುತ್ತವೆ. ಬೀಗದ ತೂತು ಹುಡುಕಲು ಇದು ಸಾಕು. ಸಂಕ ದಾಟಲು ಸಾಲದು. ಐದು ನಿಮಿಷ ಹಿಂಡಿ ಹಿಡಿದರೆ ಹೆಬ್ಬೆರಳು ನೋಯುತ್ತದೆ, ಶೆಲ್ಲು ಹಳತಾದ ಹಾಗೆ ಬೆಳಕು ಸದ್ದಿಲ್ಲದೆ ಕುಗ್ಗುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ಶೆಲ್ಲಿನ ಬಗ್ಗೆ ಹುಷಾರು. ನುಂಗಿದರೆ ಗಂಟಲಿನ ಒಳಗೆ ಒಂದೆರಡು ಗಂಟೆಯಲ್ಲೇ ಸುಟ್ಟು ಗಾಯ ಮಾಡುತ್ತದೆ. ಹಿಂಬದಿಗೆ ತಿರುಪಿನ ಮೊಳೆ ಇಲ್ಲದ ದೀಪವನ್ನು ಮಕ್ಕಳ ಕೈಗೆ ಕೊಡಬೇಡಿ.

ಎರಡನೆಯದು ಚಾರ್ಜ್ ಮಾಡುವಂಥದ್ದು. ಯಾವ ಕಂಪನಿ ಅಂತ ಹೇಳುವುದಿಲ್ಲ. ಆನ್‌ಲೈನ್‌ನಲ್ಲಿ 1,100 ರೂಪಾಯಿ. ಹೆಬ್ಬೆರಳಿನಷ್ಟು ಉದ್ದ, ಚೆಂದದ ಲೋಹದ ಮೈ, ಡಬ್ಬಿಯ ಮೇಲೆ 400 ಲುಮೆನ್ ಅಂತ ದೊಡ್ಡ ಅಕ್ಷರ. ಲುಮೆನ್ ಅಂದರೆ ಬೆಳಕಿನ ಅಳತೆ. ಹಚ್ಚಿದ ಮೊದಲ ದಿನ ತೋಟದ ಆ ತುದಿಯ ಮರ ಕಂಡಿತು. ನಿಜವಾಗಿಯೂ ಖುಷಿಯಾಯಿತು. ಎರಡು ನಿಮಿಷಕ್ಕೆ ಬಿಸಿಯಾಗಿ ತಾನೇ ಬೆಳಕು ತಗ್ಗಿಸಿಕೊಂಡಿತು, ಅದೂ ಸರಿ. ಅಷ್ಟು ಚಿಕ್ಕ ಮೈಯಿಂದ ಬಿಸಿ ಹೋಗುವುದಾದರೂ ಎಲ್ಲಿಗೆ?

ಕಷ್ಟ ಶುರುವಾದದ್ದು ಮೊದಲ ಚಾರ್ಜಿನ ದಿನ. ನಮ್ಮ ಮನೆಯಲ್ಲಿ ಈಗ ಇರುವುದೆಲ್ಲ ಟೈಪ್ ಸಿ. ಮೊಬೈಲಿನದು ಅದೇ, ಮಗಳ ಲ್ಯಾಪ್‌ಟಾಪಿನದೂ ಅದೇ. ಎರಡೂ ತುದಿ ಸಣ್ಣ ಮೂತಿಯ ಕೇಬಲ್ಲು. ಟಾರ್ಚಿನಲ್ಲೂ ಟೈಪ್ ಸಿ ತೂತೇ ಇದೆ ಅಂತ ನೋಡಿಯೇ ಕೊಂಡಿದ್ದೆ. ರಾತ್ರಿ ಸಿಕ್ಕಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಕೆಂಪು ಚುಕ್ಕೆಯೂ ಇಲ್ಲ, ಹಸಿರು ಚುಕ್ಕೆಯೂ ಇಲ್ಲ. ಕೇಬಲ್ ಬದಲಾಯಿಸಿದೆ. ಚಾರ್ಜರ್ ಬದಲಾಯಿಸಿದೆ. ತೂತಿಗೆ ಊದಿದೆ. ಊದುವುದರಿಂದ ಏನೂ ಆಗುವುದಿಲ್ಲ ಅಂತ ಗೊತ್ತು, ಆದರೂ ಊದುತ್ತೇವೆ ಅಲ್ವಾ?

ಟಾರ್ಚು ಕೆಟ್ಟಿದೆ ಅಂತ ಮಾರಿದವರಿಗೆ ಬರೆದೆ. ನಾಲ್ಕು ದಿನ ಬಿಟ್ಟು ಉತ್ತರ ಬಂತು: ಬೇರೆ ಕೇಬಲ್ ಹಾಕಿ ನೋಡಿ. ಹಾಕಿ ನೋಡಿದ್ದೇನೆ ಅಂತ ಬರೆದೆ. ಮತ್ತೆ ನಾಲ್ಕು ದಿನ. ಅಷ್ಟರಲ್ಲಿ ಒಂದು ರಾತ್ರಿ ಜೋರು ಮಳೆ, ಕರೆಂಟಿಲ್ಲ, ಕಿಸೆಯಲ್ಲಿ 400 ಲುಮೆನ್ನಿನ ಸತ್ತ ಟಾರ್ಚು. ಸಂಕದ ಹತ್ತಿರ ನಿಂತು ಮನೆಗೆ ಫೋನ್ ಮಾಡಿ, ಸ್ಟೀಲ್ ಬ್ಯಾಟ್ರಿ ಹಿಡಿದು ಬಾ ಅಂತ ಮಗಳನ್ನು ಕರೆದೆ. ಅವಳು ದಾರಿಯುದ್ದಕ್ಕೂ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಗುಟ್ಟು ಬಿಡಿಸಿದ್ದು ಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗ. ನನ್ನ ಹತ್ತಿರವೇ ಎಂಟನೇ ಕ್ಲಾಸು ಓದಿದವನು. ಟಾರ್ಚನ್ನು ಕೈಗೆ ತಗೊಂಡು ಕೇಳಿದ, "ಸರ್, ಸಿ ಟು ಸಿ ಕೇಬಲ್ಲಾ?" ಹೌದು ಅಂದೆ. ಡ್ರಾಯರಿನಿಂದ ಒಂದು ಹಳೆಯ ಕೇಬಲ್ ತೆಗೆದ. ಒಂದು ತುದಿ ಸಿ, ಇನ್ನೊಂದು ತುದಿ ಹಳೇ ಕಾಲದ ಅಗಲ ಯುಎಸ್‌ಬಿ. ಹಳೇ ಚಾರ್ಜರಿಗೆ ಸಿಕ್ಕಿಸಿದ. ತಕ್ಷಣ ಕೆಂಪು ಚುಕ್ಕೆ ಹತ್ತಿತು.

ವಿಷಯ ಹೀಗಂತೆ. ಅಗಲ ಮೂತಿಯ ಹಳೇ ಚಾರ್ಜರು ಯಾರು ಬಂದರೂ 5 ವೋಲ್ಟ್ ಕೊಡುತ್ತದೆ. ಟೈಪ್ ಸಿ ಚಾರ್ಜರು ಹಾಗಲ್ಲ. ಆಚೆ ತುದಿಯಲ್ಲಿ ಯಾರಾದರೂ ಇದ್ದಾರಾ ಅಂತ ಮೊದಲು ನೋಡುತ್ತದೆ, ಇದ್ದರೆ ಮಾತ್ರ ಕರೆಂಟು ಬಿಡುತ್ತದೆ. ಇದ್ದೇನೆ ಅಂತ ಹೇಳುವುದಕ್ಕೆ ಟಾರ್ಚಿನೊಳಗೆ 5.1 ಕಿಲೋ ಓಮಿನ ಎರಡು ಪುಟ್ಟ ರೆಸಿಸ್ಟರ್ ಇರಬೇಕು. ಎರಡು ಯಾಕೆಂದರೆ ಟೈಪ್ ಸಿ ಮೂತಿಯನ್ನು ಹೇಗೆ ತಿರುಗಿಸಿ ಹಾಕಿದರೂ ನಡೆಯಬೇಕಲ್ಲ. ಸಾಸಿವೆ ಕಾಳಿಗಿಂತ ಚಿಕ್ಕವು, ಬೆಲೆ ಪೈಸೆಗಳಲ್ಲಿ. ಅದನ್ನು ಉಳಿಸಿದ್ದಾರೆ. "ನೀವು ಹಳೇ ಕೇಬಲ್ಲೇ ಇಟ್ಕೊಳಿ ಸರ್," ಅಂದ. ಡಬ್ಬಿಯಲ್ಲಿ ಬಂದ ಗೇಣುದ್ದದ ಕೇಬಲ್ಲು ಅದೇ ಜಾತಿಯದಾಗಿತ್ತು. ನಾನು ಸುಮ್ನೆ ಯಾಕೆ ಅಂತ ಅದನ್ನು ಡಬ್ಬಿ ಸಮೇತ ಅಟ್ಟಕ್ಕೆ ಹಾಕಿದ್ದೆ.

ಹಾಗಾದರೆ ಸಮಸ್ಯೆ ಮುಗಿಯಿತಲ್ಲ ಅನ್ನಬೇಡಿ. ಈ ಒಂದು ಟಾರ್ಚಿಗೋಸ್ಕರ ಒಂದು ಹಳೇ ಕೇಬಲ್, ಒಂದು ಹಳೇ ಚಾರ್ಜರ್ ಕಾಯಬೇಕು. ಮನೆಯಲ್ಲಿ ನಾಲ್ಕು ಜನ ಇದ್ದರೆ ಅಂಥ ಕೇಬಲ್ಲು ಒಂದು ವಾರ ಒಂದೇ ಕಡೆ ಉಳಿಯುವುದಿಲ್ಲ. ಪವರ್ ಬ್ಯಾಂಕಿಗೆ ಸಿಕ್ಕಿಸಿದರೆ ಅದರದ್ದು ಇನ್ನೊಂದು ರಾಗ. ಟಾರ್ಚು ಎಳೆಯುವ ಕರೆಂಟು ತೀರಾ ಕಮ್ಮಿ, ಯಾರೂ ಇಲ್ಲ ಅಂದುಕೊಂಡು ಪವರ್ ಬ್ಯಾಂಕ್ ತಾನೇ ಮಲಗುತ್ತದೆ. ಎಲ್ಲ ಕಂಪನಿಯವರೂ ಹೀಗೆ ಮಾಡುತ್ತಾರೆ ಅಂತಲ್ಲ. ಅಂಗಡಿಯಲ್ಲಿ ಕೊಳ್ಳುವುದಾದರೆ ನಿಮ್ಮ ಸಿ ಟು ಸಿ ಕೇಬಲ್ ಮತ್ತು ಚಾರ್ಜರ್ ತಗೊಂಡು ಹೋಗಿ, ಅಲ್ಲೇ ಸಿಕ್ಕಿಸಿ ನೋಡಿ.

ಅದರ ಉಳಿದ ದೂರುಗಳು ಚಿಕ್ಕವು. ಗುಂಡಿ ಉಬ್ಬಿದೆ, ಕಿಸೆಯಲ್ಲಿ ಕೀ ತಾಗಿ ತಾನೇ ಹತ್ತುತ್ತದೆ. ಚಾರ್ಜ್ ತೂತಿನ ರಬ್ಬರ್ ಮುಚ್ಚಳ ಮೂರನೇ ತಿಂಗಳಿಗೆ ಸಡಿಲ. ಒಳಗಿನ ಬ್ಯಾಟರಿ ಬದಲಾಯಿಸಲು ಬರುವುದಿಲ್ಲ, ಅದು ಮುಗಿದ ದಿನ ಟಾರ್ಚೂ ಮುಗಿದ ಹಾಗೆ.

ಇನ್ನು ನನ್ನ ಮೆಚ್ಚಿನದು. ಎಎಎ ಶೆಲ್ಲಿನ ಈ ಜಾತಿಯಲ್ಲಿ ಫೀನಿಕ್ಸ್ ಕಂಪನಿಯ ಇ01 ಹಳೆಯ ಹೆಸರು. ಮೊದಲಿನದು 10 ಲುಮೆನ್ನಿನ ಒಂದೇ ಬೆಳಕಿನದು. ಈಗಿನ ವಿ2.0ದಲ್ಲಿ 5, 25, 100 ಅಂತ ಮೂರು ಹಂತ. ನಾನು ಕೊಂಡಿದ್ದು ಇದನ್ನೇ, 1,800 ಚಿಲ್ಲರೆ ಆಯಿತು. ಶೆಲ್ಲು ಹಾಕುವ ಟಾರ್ಚಿಗೆ ಇಷ್ಟು ದುಡ್ಡೇ ಅಂತ ಮನೆಯಲ್ಲಿ ಕೇಳಿದರು. ಕೇಳಲಿ.

100 ಲುಮೆನ್ ಅಂದರೆ 400ರ ಕಾಲು ಭಾಗ, ಆದರೆ ಕಣ್ಣಿಗೆ ಹಾಗೆ ಕಾಣುವುದಿಲ್ಲ. ಕಣ್ಣು ಲೆಕ್ಕದ ಪ್ರಕಾರ ನೋಡುವುದಿಲ್ಲ. ಕಾಲುದಾರಿಗೆ ನನಗೆ 25 ಸಾಕು. ಹತ್ತು ಹೆಜ್ಜೆ ಮುಂದೆ ಬಿದ್ದಿರುವುದು ಅಡಿಕೆ ಹಾಳೆಯೋ ಕೊಳಕುಮಂಡಲವೋ ಅಂತ ಅನುಮಾನ ಬಂದಾಗ 100. ರಾತ್ರಿ ಎದ್ದು ನೀರು ಕುಡಿಯಲು, ಕಾಲಿಗೆ ಹತ್ತಿದ ಇಂಬಳ ಕೀಳಲು 5. ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ಜಾಸ್ತಿ ಬಳಸುವುದು ಈ ಕಡಿಮೆ ಬೆಳಕನ್ನೇ. ಮಲಗಿದವರ ನಿದ್ದೆ ಕೆಡುವುದಿಲ್ಲ.

ನೀರಿಗೆ ಹೆದರುವುದಿಲ್ಲ. ಡಬ್ಬಿಯ ಮೇಲೆ ಐಪಿ ಅಂತ ಇರುವಲ್ಲಿ ಕೊನೆಯ ಅಂಕಿ 8 ಇದ್ದರೆ ನೀರಲ್ಲಿ ಮುಳುಗಿದರೂ ನಡೆಯುತ್ತದೆ, 4 ಇದ್ದರೆ ಬರೀ ಎರಚಲು ತಡೆಯುತ್ತದೆ. ನಮ್ಮ ಮಳೆಗೆ 4 ನಂಬಬೇಡಿ.

ಶೆಲ್ಲು ಸಿದ್ದಾಪುರದ ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ನನಗೆ ಇದೇ ದೊಡ್ಡದು. ಮೂರು ದಿನ ಕರೆಂಟಿಲ್ಲದಿದ್ದರೂ ನಾನು ಚಾರ್ಜರ್ ಹುಡುಕುವುದಿಲ್ಲ. ದಿನಾ ನಾನು ಹಾಕುವುದು ಚಾರ್ಜ್ ಆಗುವ ನಿಕಲ್ ಶೆಲ್ಲು. ಅದು 1.2 ವೋಲ್ಟಿನದು, ಆದರೂ ಬೆಳಕಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಎಲ್‌ಇಡಿಗೆ ಹೇಗಿದ್ದರೂ 3 ವೋಲ್ಟಿನಷ್ಟು ಬೇಕು, ಒಂದು ಶೆಲ್ಲಿನಿಂದ ಅಷ್ಟಕ್ಕೆ ಏರಿಸುವ ಸರ್ಕಿಟ್ ಒಳಗೇ ಇರುತ್ತದೆ. ಎರಡು ಶೆಲ್ಲು ಇಟ್ಟುಕೊಂಡಿದ್ದೇನೆ, ಒಂದು ಟಾರ್ಚಿನಲ್ಲಿ, ಒಂದು ಕಪಾಟಿನಲ್ಲಿ.

ಸಾದಾ ಅಲ್ಕಲೈನ್ ಶೆಲ್ಲನ್ನು ತಿಂಗಳುಗಟ್ಟಲೆ ಒಳಗೇ ಮರೆತು ಬಿಡಬೇಡಿ. ಸೋರುತ್ತದೆ. ಅಪ್ಪನ ರೇಡಿಯೋ ಹಾಗೇ ಹಾಳಾಯಿತು. ಬಿಳಿ ಪುಡಿ ಕಂಡರೆ ನಿಂಬೆರಸದಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಚೆನ್ನಾಗಿ ಒಣಗಿಸಿ. ಸೋರುವುದು ಕ್ಷಾರ, ಹುಳಿಗೆ ಬಗ್ಗುತ್ತದೆ.

ತಿರುಗಿಸುವ ಜಾತಿಗೆ ಕುಂದಿಲ್ಲ ಅಂತಲ್ಲ. ಎರಡು ಕೈ ಬೇಕು. ಕೊಡೆ ಹಿಡಿದಾಗ ನಾನು ಹಿಂಬದಿಯನ್ನು ಹಲ್ಲಲ್ಲಿ ಕಚ್ಚಿ ಮೂತಿ ತಿರುಗಿಸುತ್ತೇನೆ, ನೋಡುವವರಿಗೆ ನಗು ಬರುತ್ತದೆ. ತಿರುಪಿನ ಮರೆ ಒಣಗಿದರೆ ಬಿಗಿಯಾಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಧೂಳು ಹಿಡಿದು ಮೇಣವಾಗುತ್ತದೆ. ನೀರಿನ ಫಿಲ್ಟರ್ ರಿಪೇರಿಗೆ ಬರುವವರ ಹತ್ತಿರ ಸಿಲಿಕೋನ್ ಗ್ರೀಸ್ ಇರುತ್ತದೆ, ಕಡ್ಡಿ ತುದಿಯಷ್ಟು ಸಾಕು.

ಅಮ್ಮನಿಗೂ ಇಂಥದ್ದೇ ಒಂದು ತರಿಸುವವನಿದ್ದೆ. ಕೈಗೆ ಕೊಟ್ಟು ನೋಡಿದೆ. ಅವಳ ಬೆರಳಿನ ಗಂಟು ನೋವಿಗೆ ಅದು ಅಲುಗಲೇ ಇಲ್ಲ. "ತಮಾ, ಇದು ನಂಗೆ ತಿರುಗ್ಸಲೆ ಆಗ್ತಿಲ್ಲೆ," ಅಂದು ವಾಪಸ್ ಕೊಟ್ಟಳು. 40 ರೂಪಾಯಿಯ ಒತ್ತುವ ದೀಪ ಈಗ ಅವಳ ಸೊಂಟದ ಬೀಗದಕೈ ಜೊತೆ ಇದೆ. ಮಂಚದಿಂದ ದೇವರ ಕೋಣೆಯವರೆಗೆ ಅವಳಿಗೆ ಅಷ್ಟೇ ಬೇಕಾದದ್ದು. ಚಾರ್ಜಿನ ಟಾರ್ಚು ಮಗಳ ಹಾಸ್ಟೆಲಿಗೆ ಹೋಯಿತು, ಹಳೇ ಕೇಬಲ್ ಸಮೇತ. ಅಲ್ಲಿ ಕರೆಂಟು ಹೋಗುವುದೇ ಅಪರೂಪವಂತೆ.

ಕೊಳ್ಳುವವರಿಗೆ ಇನ್ನೆರಡು ಮಾತು. ಟಾರ್ಚನ್ನು ನೇರವಾಗಿ ಸ್ಕೂಟರ್ ಕೀಯ ರಿಂಗಿಗೆ ಹಾಕಬೇಡಿ. ಗಾಡಿ ಚಾಲೂ ಇರುವಾಗ ಟಾರ್ಚು ಬೇಕಾದರೆ ಬಿಚ್ಚಲು ಬರುವುದಿಲ್ಲ. ನಡುವೆ ಒಂದು ಚಿಕ್ಕ ಕೊಂಡಿ ಇರಲಿ. ಬಣ್ಣ ಕಪ್ಪು ಆರಿಸಬೇಡಿ. ನಾನು ಕಪ್ಪು ಆರಿಸಿದೆ. ಕೊಂಡಿಯಿಂದ ಕಳಚಿ ಒಮ್ಮೆ ತೋಟದ ಒಣ ಎಲೆಯ ದರಕಿನಲ್ಲಿ ಬಿತ್ತು. ಅದನ್ನು ಹುಡುಕಲು ಮನೆಯಿಂದ ಅಪ್ಪನ ಸ್ಟೀಲ್ ಬ್ಯಾಟ್ರಿ ತರಬೇಕಾಯಿತು. ಈಗ ಕೆಂಪು ದಾರ ಕಟ್ಟಿದ್ದೇನೆ.